ನೀಸ್‌ನ ಕಲ್ಲಿನ ಕಡಲತೀರ: ಮೊದಲ ಮೂರು ಹೆಜ್ಜೆಯ ಲೆಕ್ಕ

ಮಲ್ಪೆ, ಮುರುಡೇಶ್ವರ, ಗೋಕರ್ಣದ ಮರಳಿನಲ್ಲಿ ಆಡಿ ಬೆಳೆದವರ ಮನಸ್ಸಿನಲ್ಲಿ ಕಡಲತೀರಕ್ಕೊಂದು ಅಂದಾಜು ಇರುತ್ತದೆ. ಇಪ್ಪತ್ತು ಹೆಜ್ಜೆ ಹೋದರೂ ನೀರು ಮೊಣಕಾಲಿಗೇ ಇರುತ್ತದೆ, ಅಲೆ ದೂರದಲ್ಲೇ ಒಡೆದು ನೊರೆಯಾಗಿ ಕಾಲಿಗೆ ಬರುತ್ತದೆ, ಮಗು ಅಂಚಿನಲ್ಲಿ ಕೂತು ಮರಳು ಗುಡ್ಡೆ ಹಾಕುತ್ತದೆ. ದಕ್ಷಿಣ ಫ್ರಾನ್ಸಿನ ನೀಸ್ ನಗರದ ತೀರಕ್ಕೆ ಈ ಅಂದಾಜನ್ನು ಹೊತ್ತು ಹೋದರೆ ಮೊದಲ ಐದು ನಿಮಿಷದಲ್ಲೇ ತಪ್ಪುತ್ತದೆ. ಅಲ್ಲಿ ಮರಳಿಲ್ಲ. ಬೂದು ಬಣ್ಣದ ನುಣುಪಾದ ಉರುಟುಗಲ್ಲುಗಳ ಇಳಿಜಾರು ನೇರ ನೀರಿಗೆ ಇಳಿಯುತ್ತದೆ. ಅಂಚಿನಿಂದ ಮೂರ್ನಾಲ್ಕು ಹೆಜ್ಜೆಗೆ ದೊಡ್ಡವರ ಸೊಂಟ ಮುಳುಗುತ್ತದೆ, ಇನ್ನೆರಡು ಹೆಜ್ಜೆಗೆ ಕಾಲು ನೆಲಕ್ಕೆ ಸಿಗುವುದಿಲ್ಲ.

ಹಾಗೆಂದು ಇದು ಮಕ್ಕಳನ್ನು ಕರೆದೊಯ್ಯಬಾರದ ತೀರವಲ್ಲ. ಬೇಸಿಗೆಯಲ್ಲಿ ಊರಿನ ಮನೆಮಂದಿಯೆಲ್ಲ ಇಲ್ಲಿಗೇ ಇಳಿಯುತ್ತಾರೆ. ಜರ್ಮನಿ, ನೆದರ್‌ಲ್ಯಾಂಡ್ಸ್, ಇಂಗ್ಲೆಂಡುಗಳಲ್ಲಿ ನೆಲೆಸಿದ ಕನ್ನಡದ ಕುಟುಂಬಗಳಿಗೂ ಶಾಲೆಯ ರಜೆಯಲ್ಲಿ ಸುಲಭವಾಗಿ ತಲುಪಬಹುದಾದ ಮೆಡಿಟರೇನಿಯನ್ ಊರು ಇದು. ಆದರೆ ಕಲ್ಲಿನ ತೀರ ಮರಳಿನ ತೀರಕ್ಕಿಂತ ಬೇರೆಯೇ ರೀತಿ ವರ್ತಿಸುತ್ತದೆ. ಯಾಕೆ ಹಾಗೆ ಎಂಬುದು ತಿಳಿದರೆ ಏನು ಒಯ್ಯಬೇಕು, ಎಲ್ಲಿ ಕೂರಬೇಕು, ಹೇಗೆ ಇಳಿಯಬೇಕು, ಯಾವಾಗ ಇಳಿಯಲೇಬಾರದು ಎಂಬುದೆಲ್ಲ ತಾನಾಗಿ ತಿಳಿಯುತ್ತದೆ.

ಕಲ್ಲು ಇಳಿಜಾರನ್ನು ಕಟ್ಟುವ ಬಗೆ

ಮನೆ ಕಟ್ಟುವ ಜಾಗದಲ್ಲಿ ಜಲ್ಲಿ ರಾಶಿಯ ಮೇಲೆ ಒಂದು ಬಕೆಟ್ ನೀರು ಸುರಿದರೆ ನೀರು ಕೆಳಕ್ಕೆ ಹರಿಯುವುದಿಲ್ಲ, ಅಲ್ಲೇ ಸಂದುಗಳಲ್ಲಿ ಇಳಿದು ಮಾಯವಾಗುತ್ತದೆ. ಅದೇ ನೀರನ್ನು ಒದ್ದೆ ಮರಳಿನ ಮೇಲೆ ಸುರಿದರೆ ಮರಳನ್ನೂ ಕೊಚ್ಚಿಕೊಂಡು ಹರಿಯುತ್ತದೆ. ಕಡಲ ಅಂಚಿನಲ್ಲಿ ನಡೆಯುವುದೂ ಇಷ್ಟೇ. ಮರಳಿನ ತೀರದಲ್ಲಿ ಏರಿದ ಅಲೆಯ ನೀರು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗುತ್ತದೆ, ಹೋಗುವಾಗ ಮರಳನ್ನೂ ಎಳೆದೊಯ್ಯುತ್ತದೆ. ಹೀಗಾಗಿ ತೀರ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಕಲ್ಲಿನ ತೀರದಲ್ಲಿ ಏರುವ ಅಲೆ ಕಲ್ಲುಗಳನ್ನು ಮೇಲಕ್ಕೆ ತಳ್ಳುತ್ತದೆ, ಆದರೆ ಹಿಂದಿರುಗುವ ಹೊತ್ತಿಗೆ ಬಹಳಷ್ಟು ನೀರು ಕಲ್ಲಿನ ಸಂದಿಗೆ ಇಂಗಿರುತ್ತದೆ. ಉಳಿದ ನೀರಿಗೆ ಅಷ್ಟೂ ಕಲ್ಲನ್ನು ಕೆಳಗೆಳೆಯುವ ಬಲವಿಲ್ಲ. ದಿನದಿನಕ್ಕೂ ಸ್ವಲ್ಪ ಸ್ವಲ್ಪವಾಗಿ ಕಲ್ಲು ಮೇಲೆ ಪೇರಿಕೊಳ್ಳುತ್ತದೆ, ದಿಬ್ಬ ಏಳುತ್ತದೆ, ಇಳಿಜಾರು ಕಡಿದಾಗುತ್ತದೆ. ದೊಡ್ಡ ಬಿರುಗಾಳಿಯ ಅಲೆಗಳು ಮಾತ್ರ ಇಂಗಲು ಪುರುಸೊತ್ತು ಕೊಡದೆ ಒಂದರ ಮೇಲೊಂದು ಬಂದು ಕಲ್ಲನ್ನು ಸಮುದ್ರಕ್ಕೆ ಸೆಳೆದುಬಿಡುತ್ತವೆ.

ಈ ಕಡಿದಾದ ಇಳಿಜಾರಿನಿಂದ ಎರಡು ಸಂಗತಿ ಹುಟ್ಟುತ್ತವೆ. ಇಡೀ ತೀರದ ಗುಟ್ಟು ಈ ಎರಡರಲ್ಲೇ ಇದೆ.

ಮೊದಲನೆಯದು, ಅಲೆ ದೂರದಲ್ಲಿ ಒಡೆಯುವುದಿಲ್ಲ. ಕಡಲ ತಳ ತನ್ನ ಎತ್ತರಕ್ಕೆ ಹತ್ತಿರವಾದಾಗಲೇ ಅಲೆ ಮಗುಚುವುದು. ಮರಳಿನ ತೀರದಲ್ಲಿ ಅದು ಐವತ್ತು ಅರವತ್ತು ಮೀಟರ್ ಆಚೆಯೇ ಆಗಿ, ದಾರಿಯುದ್ದಕ್ಕೂ ಬಲ ಕಳೆದುಕೊಂಡು ನಮ್ಮ ಕಾಲಿಗೆ ಬರುತ್ತದೆ. ಇಲ್ಲಿ ತಳ ಆಳವಾಗಿಯೇ ಇದ್ದು ಅಂಚಿನಲ್ಲಿ ಒಮ್ಮೆಲೇ ಮೇಲೇಳುವುದರಿಂದ, ಅಲೆ ತನ್ನ ಅಷ್ಟೂ ಬಲವನ್ನು ಕೊನೆಯ ಒಂದೆರಡು ಮೀಟರಿನಲ್ಲಿ ಸುರಿದುಬಿಡುತ್ತದೆ. ಅರ್ಧ ಮೀಟರ್ ಎತ್ತರದ ಅಲೆ ದೂರದಿಂದ ಏನೇನೂ ಅನ್ನಿಸುವುದಿಲ್ಲ, ಆದರೆ ಅದು ಮಗುಚುವ ಜಾಗದಲ್ಲೇ ನಿಂತವರನ್ನು ಕೆಡವಲು ಅಷ್ಟು ಸಾಕು.

ಎರಡನೆಯದನ್ನು ಕಣ್ಣಿಗಿಂತ ಮೊದಲು ಕಾಲು ಕಂಡುಹಿಡಿಯುತ್ತದೆ. ಅಲೆ ಮಗುಚುವ ಗೆರೆಯ ಕೆಳಗೆ, ನೀರಿನೊಳಗೆ ಒಂದು ಮೆಟ್ಟಿಲಿದೆ. ಬೀಳುವ ಅಲೆ ಅದೇ ಜಾಗವನ್ನು ಕುಟ್ಟಿ ಕುಟ್ಟಿ ಅಲ್ಲಿ ದೊಡ್ಡ, ಉರುಟಾದ ಕಲ್ಲುಗಳ ಒಂದು ಅಂಚು ಉಳಿದಿರುತ್ತದೆ. ಅದರಾಚೆ ತಳ ಧಡಕ್ಕನೆ ಇಳಿಯುತ್ತದೆ. ಮೇಲಿನ ಕಲ್ಲುಗಳು ಕಾಲ ಕೆಳಗೆ ಜಾರುತ್ತವೆ, ಕೆಳಗಿನವು ಉರುಳುತ್ತವೆ. ಬೀಳುವವರಲ್ಲಿ ಹೆಚ್ಚಿನವರು ಬೀಳುವುದು ಈ ಮೆಟ್ಟಿಲಿನ ಮೇಲೆಯೇ, ಅದೂ ಹೊರಗೆ ಬರುವಾಗ.

ಈಜು ಬರುವವರಿಗೆ ಮೆಟ್ಟಿಲು ದಾಟಿದ ಮೇಲೆ ಸಮುದ್ರ ಹಿತವಾಗಿರುತ್ತದೆ. ಮರಳಿನ ಕದಡಿಲ್ಲದ್ದರಿಂದ ನೀರು ಗಾಜಿನಂತೆ ತಿಳಿ, ಆರೇಳು ಮೀಟರ್ ಕೆಳಗಿನ ಕಲ್ಲೂ ಕಾಣುತ್ತದೆ. ಅಪಾಯ ಆಳದಲ್ಲಿರುವುದಕ್ಕಿಂತ ಹೆಚ್ಚಾಗಿ ಅಂಚಿನಲ್ಲಿದೆ. ಮಕ್ಕಳು ಅಂಚಿನಲ್ಲೇ ಇರಲಿ, ಆಳಕ್ಕೆ ಹೋಗದಿರಲಿ ಎನ್ನುವ ನಮ್ಮ ರೂಢಿಯ ಎಚ್ಚರಿಕೆ ಇಲ್ಲಿ ಪೂರ್ತಿ ತಲೆಕೆಳಗು.

ಕಲ್ಲು ಬಂದದ್ದು ಎಲ್ಲಿಂದ

ನೀಸ್‌ನ ಪಶ್ಚಿಮಕ್ಕೆ, ವಿಮಾನ ನಿಲ್ದಾಣದ ಬದಿಯಲ್ಲಿ ವಾರ್ ನದಿ ಸಮುದ್ರ ಸೇರುತ್ತದೆ. ಊರಿನ ನಡುವೆಯೇ ಪಾಯೋಂ ಎಂಬ ಚಿಕ್ಕ ನದಿ ಹರಿಯುತ್ತದೆ. 19ನೇ ಶತಮಾನದಿಂದ ಅದನ್ನು ಹಂತಹಂತವಾಗಿ ಮುಚ್ಚುತ್ತ ಬಂದರು, ಈಗ ಅದರ ಮೇಲೆ ಉದ್ದನೆಯ ಉದ್ಯಾನವಿದೆ. ಎರಡೂ ನದಿಗಳು ಆಲ್ಪ್ಸ್ ಬೆಟ್ಟಗಳಿಂದ ಕಲ್ಲು ಉರುಳಿಸಿಕೊಂಡು ಬಂದವು, ಸಮುದ್ರ ಅವನ್ನು ಉಜ್ಜಿ ನುಣುಪು ಮಾಡಿತು. ಹೆಚ್ಚಿನವು ಬೂದು ಸುಣ್ಣಕಲ್ಲು. ನಡುವೆ ಬಿಳಿ ಗೆರೆಯವು ಸಿಗುತ್ತವೆ. ಇಟ್ಟಿಗೆಗೆಂಪಿನ ಕಲ್ಲು ಕಂಡರೆ ಅದು ವಾರ್ ಕಣಿವೆಯ ಮೇಲ್ಭಾಗದ ದಲುಯಿಸ್ ಮತ್ತು ಸಿಯಾನ್ ಕಮರಿಗಳ ಕಡೆಯದು, ಅಲ್ಲಿನ ಬಂಡೆಗಳೇ ಕೆಂಪು. ಮಕ್ಕಳಿಗೆ ಇದು ಒಳ್ಳೆಯ ಆಟ. ಒಣಗಿದ ಕಲ್ಲನ್ನು ನೀರಲ್ಲಿ ಅದ್ದಿದ ಕೂಡಲೇ ಬಣ್ಣ ಏಳುತ್ತದೆ. ಒಣಕಲ್ಲಿನ ಮೇಲ್ಮೈಯ ಸಣ್ಣ ಸಣ್ಣ ತರಚುಗಳು ಬೆಳಕನ್ನು ಎಲ್ಲ ದಿಕ್ಕಿಗೆ ಚೆದುರಿಸಿ ಕಲ್ಲನ್ನು ಮಂಕಾಗಿಸುತ್ತವೆ. ನೀರು ಆ ತರಚುಗಳನ್ನು ತುಂಬಿ ಮೇಲ್ಮೈಯನ್ನು ನುಣುಪು ಮಾಡುತ್ತದೆ, ಒಳಗಿನ ಬಣ್ಣ ಹೊರಗೆ ಬರುತ್ತದೆ.

ಒಡ್ಡು, ಜಲ್ಲಿ ಗಣಿಗಾರಿಕೆ, ಮುಚ್ಚಿದ ನದಿ ಇವೆಲ್ಲ ಸೇರಿ ಕಲ್ಲಿನ ಹರಿವು ಬಡವಾದ ಮೇಲೆ ತೀರ ಸವೆಯತೊಡಗಿತು. 1976ರಿಂದ 2005ರ ನಡುವೆ ಐದು ಲಕ್ಷ ಘನ ಮೀಟರಿಗೂ ಹೆಚ್ಚು ಕಲ್ಲನ್ನು ಹೊರಗಿನಿಂದ ತಂದು ಈ ತೀರಕ್ಕೆ ಸುರಿದಿದ್ದಾರೆ. ಅದರಲ್ಲಿ ಬಹುಪಾಲು ನಿಲ್ಲಲಿಲ್ಲ, ಏಕೆಂದರೆ ದಂಡೆಯಾಚೆಗೆ ಕಡಲ ತಳ ಬಹಳ ಬೇಗ ಇಳಿದುಹೋಗುತ್ತದೆ. ಒಮ್ಮೆ ಕೆಳಗೆ ಜಾರಿದ ಕಲ್ಲನ್ನು ಮರಳಿ ಮೇಲೆ ತರಲು ಅಲೆಗೆ ಸಾಧ್ಯವಿಲ್ಲ. ಈ ತಳ ಎಷ್ಟು ಕಡಿದು ಎಂಬುದಕ್ಕೆ 1979ರ ಅಕ್ಟೋಬರ್ 16 ಸಾಕ್ಷಿ: ವಿಮಾನ ನಿಲ್ದಾಣದ ಪಕ್ಕ ಹೊಸ ಬಂದರಿಗೆಂದು ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟುತ್ತಿದ್ದ ನೆಲವೇ ಅಂದು ಕುಸಿದು ಆಳಕ್ಕೆ ಜಾರಿತು, ಎದ್ದ ಅಲೆ ಸುತ್ತಲಿನ ದಂಡೆಗೆ ಬಡಿದು ಜೀವಹಾನಿಯಾಯಿತು.

ಎಲ್ಲಿ, ಯಾವ ಹೊತ್ತಿಗೆ

ದೇವದೂತರ ಕೊಲ್ಲಿ ಎಂಬ ಹೆಸರಿನ ಈ ಬಾಗಿದ ತೀರದುದ್ದಕ್ಕೂ ಪ್ರೊಮೆನಾದ್ ದೆಜಾಂಗ್ಲೆ ಎಂಬ ಕಡಲಬದಿ ಹಾದಿ ಸಾಗುತ್ತದೆ. ಹಾದಿಯಿಂದ ಮೆಟ್ಟಿಲಿಳಿದರೆ ತೀರ. ಒಂದು ತುಂಡು ಖಾಸಗಿ, ಪಕ್ಕದ್ದು ಸಾರ್ವಜನಿಕ, ಹೀಗೆ ಹಂಚಿಹೋಗಿದೆ. ಖಾಸಗಿ ಜಾಗದಲ್ಲಿ ಮೆತ್ತೆಯ ಒರಗು ಮಂಚ, ಕೊಡೆ, ಊಟ ಎಲ್ಲ ಸಿಗುತ್ತವೆ, ಆದರೆ ದಿನದ ಬಾಡಿಗೆ ತಲೆಗೆ 20 ಯೂರೊಗಿಂತ ಮೇಲೆಯೇ. ಸಾರ್ವಜನಿಕ ತುಂಡು ಉಚಿತ. ಬೇಸಿಗೆಯಲ್ಲಿ ಅಲ್ಲಿ ಜೀವರಕ್ಷಕರಿರುತ್ತಾರೆ, ಮೈ ತೊಳೆಯಲು ನಲ್ಲಿಯಿರುತ್ತದೆ.

ಮೊದಲ ಸಲ ಹೋಗುವ ಕುಟುಂಬಕ್ಕೆ ಸಾಂತನೇರ್ ಎಂಬ ತುಂಡು ಅನುಕೂಲ. ಆಲ್ಬೆರ್ ಉದ್ಯಾನದ ಎದುರಿಗಿದೆ, ಟ್ರಾಮ್‌ನಿಂದ ನಡೆದು ಬರಬಹುದು. ಅಂಗವಿಕಲರು ನೀರಿಗಿಳಿಯಲು ಬೇಕಾದ ಸೌಕರ್ಯವೂ ಇಲ್ಲಿದೆ, ಹೀಗಾಗಿ ಅಜ್ಜ ಅಜ್ಜಿಯರ ಕಾಲಿಗೂ ಸುಲಭ. ವಿಮಾನ ನಿಲ್ದಾಣದ ಕಡೆಯ ಕರ್ರಾಸ್‌ನಲ್ಲೂ ಅದೇ ಸೌಕರ್ಯವಿದೆ, ಜನ ಕಡಿಮೆ, ವಿಮಾನದ ಸದ್ದು ಹೆಚ್ಚು. ಪೂರ್ವ ತುದಿಯಲ್ಲಿ ಕೋಟೆಗುಡ್ಡದ ಬುಡದ ಕಾಸ್ತೆಲ್ ತೀರಕ್ಕೆ ಮೂಡಣ ಗಾಳಿಯಿಂದ ಆಸರೆಯಿದೆ. ಆ ಗುಡ್ಡದ ಮೂತಿಯನ್ನು ಸ್ಥಳೀಯ ನುಡಿಯಲ್ಲಿ ರೌಬಾ ಕಪೇವು ಎನ್ನುತ್ತಾರೆ, ಟೋಪಿಗಳ್ಳ ಎಂದರ್ಥ. ಆ ಮೂಲೆ ತಿರುಗಿದ ಕೂಡಲೇ ಹೆಸರು ಯಾಕೆ ಬಂತೆಂದು ತಲೆಯ ಮೇಲಿನ ಟೋಪಿಯೇ ಹೇಳುತ್ತದೆ. ಗುಡ್ಡದಾಚೆಯ ಕೊಕೊ ಬೀಚ್ ಬರಿಯ ಬಂಡೆ. ಈಜು ಗಟ್ಟಿಯಿದ್ದವರಿಗೆ ಚಂದ, ಮಕ್ಕಳಿಗೆ ಬೇಡ. ಬಂಡೆಯ ಸಂದಿಯಲ್ಲಿ ಮುಳ್ಳು ತುಂಬಿದ ಕಡಲ ಅರ್ಚಿನ್‌ಗಳೂ ಇರುತ್ತವೆ.

ನಾಲ್ಕು ವರ್ಷದೊಳಗಿನ ಮಗುವಿದ್ದರೆ ಒಂದು ಮಾತು ನೇರವಾಗಿ ಹೇಳಬೇಕು: ನೀಸ್‌ನ ಅಂಚು ಆ ವಯಸ್ಸಿಗೆ ಹೊಂದುವುದಿಲ್ಲ. ನೀಸ್‌ನಿಂದ ಪೂರ್ವಕ್ಕೆ ರೈಲಿನಲ್ಲಿ ಹತ್ತು ನಿಮಿಷದೊಳಗೆ ವಿಲ್‌ಫ್ರಾಂಶ್-ಸುರ್-ಮೇರ್ ಬರುತ್ತದೆ. ನಿಲ್ದಾಣದಿಂದಿಳಿದರೆ ಎದುರಿಗೇ ಮಾರಿನಿಯೇರ್ ತೀರ. ದಪ್ಪ ಮರಳು, ಕೊಲ್ಲಿಯೊಳಗಿನ ಶಾಂತ ನೀರು. ಚಿಕ್ಕ ಮಗುವಿನ ನೀರಾಟ ಅಲ್ಲಿ ಇಟ್ಟುಕೊಂಡು, ನೀಸ್‌ನಲ್ಲಿ ಅದಕ್ಕೆ ದಂಡೆಯ ಮೇಲ್ಭಾಗದ ಆಟವಷ್ಟೇ ಸಾಕು. ಆಗಲೂ ಕಣ್ಣಿರಬೇಕು. ಟಾಯ್ಲೆಟ್ ಪೇಪರಿನ ರಟ್ಟಿನ ಕೊಳವೆಯಲ್ಲಿ ತೂರುವ ಯಾವ ಕಲ್ಲೂ ಮೂರು ವರ್ಷದೊಳಗಿನ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಲ್ಲದು, ಮತ್ತು ಅಂಥ ಕಲ್ಲು ಅಲ್ಲಿ ಹೇರಳ.

ಹೊತ್ತಿನ ವಿಷಯದಲ್ಲಿ ನಮ್ಮ ಕರಾವಳಿಯ ಒಂದು ಲೆಕ್ಕ ಇಲ್ಲಿ ಬೇಕಿಲ್ಲ. ಮಂಗಳೂರಿನ ಕಡೆ ಉಬ್ಬರ ಇಳಿತಕ್ಕೆ ನೀರು ಒಂದು ಮೀಟರಿಗೂ ಹೆಚ್ಚು ಏರಿಳಿಯುತ್ತದೆ, ನೀಸ್‌ನಲ್ಲಿ ಅದು ಹೆಚ್ಚೆಂದರೆ ಒಂದೆರಡು ಗೇಣು. ಬೆಳಿಗ್ಗೆ ಹಾಸಿದ ಚಾಪೆಯನ್ನು ಉಬ್ಬರಕ್ಕೆ ಹೆದರಿ ಎಳೆಯಬೇಕಿಲ್ಲ. ಇಲ್ಲಿ ಹೊತ್ತನ್ನು ಆಳುವುದು ಗಾಳಿ. ಬೇಸಿಗೆಯ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕಡಲು ಸಾಮಾನ್ಯವಾಗಿ ಕನ್ನಡಿ. ನೆಲ ಕಾದ ಮೇಲೆ ಸಮುದ್ರದ ಗಾಳಿ ಎದ್ದು ಮಧ್ಯಾಹ್ನ ಚಿಕ್ಕ ಚಿಕ್ಕ ಒತ್ತೊತ್ತು ಅಲೆಗಳು ಶುರುವಾಗುತ್ತವೆ. ಸಂಜೆ ಐದರ ನಂತರ ಮತ್ತೆ ತಣಿಯುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ಗಂಟೆಯ ಮೇಲೆ. ಮಕ್ಕಳೊಂದಿಗೆ ಹೋಗುವವರು ಹನ್ನೆರಡರಿಂದ ನಾಲ್ಕರವರೆಗೆ ತೀರದಲ್ಲಿರದಿದ್ದರೆ ಬಿಸಿಲೂ ತಪ್ಪುತ್ತದೆ, ಅಲೆಯೂ ತಪ್ಪುತ್ತದೆ.

ನೀರಿನ ಬಿಸಿ ಮೇ ತಿಂಗಳಲ್ಲಿ 17-18 ಡಿಗ್ರಿ, ಜೂನ್‌ನಲ್ಲಿ 20-21, ಆಗಸ್ಟ್‌ನಲ್ಲಿ 24-25, ಸೆಪ್ಟೆಂಬರ್‌ನಲ್ಲೂ 23ರ ಆಸುಪಾಸು. ಅರಬ್ಬೀ ಸಮುದ್ರದ ಬೆಚ್ಚನೆಯ ನೀರು ರೂಢಿಯಾದ ಮೈಗೆ ಮೇ ತಿಂಗಳ ನೀರು ಕೊರೆಯುತ್ತದೆ, ಮಕ್ಕಳ ತುಟಿ ಹತ್ತು ನಿಮಿಷಕ್ಕೇ ನೀಲಿಗಟ್ಟಬಹುದು. ಜನಜಂಗುಳಿ ಕಡಿಮೆ, ನೀರು ಇನ್ನೂ ಬೆಚ್ಚಗೆ ಇರುವ ಸೆಪ್ಟೆಂಬರ್ ಮೊದಲ ಎರಡು ವಾರ ಎಲ್ಲಕ್ಕಿಂತ ಒಳ್ಳೆಯದು.

ಕಲ್ಲಿನ ಮೇಲೆ ಒಂದು ದಿನ ಕಳೆಯಲು ಬೇಕಾದದ್ದು

ಕಾಲಿನ ವಿಷಯ ಮೊದಲು. ಹವಾಯಿ ಚಪ್ಪಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಪಟ್ಟಿ ಬೆರಳ ಸಂದು ಕೊಯ್ಯುತ್ತದೆ, ನೀರಿಗಿಳಿದರೆ ಚಪ್ಪಲಿ ತೇಲಿ ಹೋಗುತ್ತದೆ. ಅದನ್ನು ಹಿಡಿಯಲು ಬಗ್ಗಿದವರ ಬೆನ್ನಿಗೆ ಅಲೆ ಬಡಿಯುತ್ತದೆ. ಬೇಕಾದದ್ದು ಬೆರಳು ಮುಚ್ಚುವ, ಹಿಮ್ಮಡಿಯಲ್ಲಿ ಬಿಗಿಯಾಗಿ ಕೂರುವ, ಅಡಿಭಾಗ ದಪ್ಪವಿರುವ ನೀರಿನ ಬೂಟು. ನಮ್ಮೂರಲ್ಲಿ ಮಳೆಗಾಲಕ್ಕೆ ಮಕ್ಕಳಿಗೆ ಹಾಕುವ, ಬಕಲ್ ಇರುವ ಪ್ಲಾಸ್ಟಿಕ್ ಸ್ಯಾಂಡಲ್ ಕೂಡ ಚೆನ್ನಾಗಿಯೇ ನಡೆಯುತ್ತದೆ. ಫ್ರಾನ್ಸಿನ ಮಕ್ಕಳೂ ತಲೆಮಾರುಗಳಿಂದ ಅಂಥದ್ದನ್ನೇ ಹಾಕುತ್ತಾರೆ, ಅದಕ್ಕೆ ಅಲ್ಲಿ ಮೆದ್ಯೂಸ್, ಅಂದರೆ ಲೋಳೆಮೀನು, ಎಂಬ ಹೆಸರಿದೆ. ಬೂಟನ್ನು ಒದ್ದೆಯಾಗಿಯೇ ಹಾಕಿ ನೋಡಿ ಕೊಳ್ಳಬೇಕು. ಒಣಗಿದ್ದಾಗ ಸರಿಯಾದದ್ದು ನೀರಲ್ಲಿ ಸಡಿಲವಾದರೆ ಒಳಗೆ ಸಣ್ಣ ಕಲ್ಲು ತೂರಿ ಮಗು ನಡೆಯುವುದನ್ನೇ ಬಿಡುತ್ತದೆ.

ಕೂರುವುದಕ್ಕೆ ಬರಿಯ ಟವೆಲ್ ಹಾಸಿದರೆ ಹತ್ತು ನಿಮಿಷಕ್ಕೆ ಸೊಂಟ ನೋಯುತ್ತದೆ. ಎಂಟು ಹತ್ತು ಮಿಲಿಮೀಟರ್ ದಪ್ಪದ ಯೋಗದ ಚಾಪೆ ಅಥವಾ ಮಡಚುವ ಫೋಮ್ ಹಾಸಿಗೆ ಸಾಕು. ಅದಕ್ಕೂ ಮೊದಲು ಜಾಗ ಹದ ಮಾಡಬೇಕು. ಚಪ್ಪಟೆ ಕಲ್ಲುಗಳನ್ನು ಅಲೆ ಸುಲಭವಾಗಿ ಎತ್ತಿ ಮೇಲಕ್ಕೆ ಎಸೆಯುತ್ತದೆ, ಉರುಟಾದವು ಉರುಳಿ ಕೆಳಗೆ ಸೇರುತ್ತವೆ. ಹಾಗಾಗಿ ದಿಬ್ಬದ ಮೇಲ್ಭಾಗದ ಕಲ್ಲುಗಳು ಬೆನ್ನಿಗೆ ಹೆಚ್ಚು ಹಿತ, ನೀರಿನಿಂದಲೂ ದೂರ. ಅಂಗೈಗಿಂತ ದೊಡ್ಡ ಕಲ್ಲುಗಳನ್ನು ಕೈಯಿಂದ ಬದಿಗೆ ಸರಿಸಿ, ಪೃಷ್ಠ ಕೂರುವ ಕಡೆ ಒಂದು ತಗ್ಗು ಮಾಡಿ, ತೆಗೆದ ಕಲ್ಲನ್ನು ಬೆನ್ನಿನ ಕಡೆ ಪೇರಿಸಿದರೆ ಒರಗಲು ದಿಂಬಾಗುತ್ತದೆ. ಮಧ್ಯಾಹ್ನದ ಕಲ್ಲು ಕಾದ ಹೆಂಚಿನಂತಿರುತ್ತದೆ, ಕಪ್ಪು ಕಲ್ಲು ಇನ್ನೂ ಜಾಸ್ತಿ. ಕೈಯ ಹಿಂಭಾಗವನ್ನು ಕಲ್ಲಿನ ಮೇಲೆ ಐದು ಎಣಿಸುವವರೆಗೆ ಇಡಲಾಗದಿದ್ದರೆ ಮಗುವನ್ನು ಬರಿಮೈಯಲ್ಲಿ ಅಲ್ಲಿ ಕೂರಿಸಬಾರದು.

ಕೊಡೆ ನೆಡುವುದು ಮರಳಿನಲ್ಲಿ ತಿರುಗಿಸಿ ಇಳಿಸಿದಷ್ಟು ಸುಲಭವಲ್ಲ. ಮೊಳದಷ್ಟು ಆಳದ ಗುಂಡಿ ತೋಡಬೇಕು, ಕೋಲು ನಿಲ್ಲಿಸಿ ಮೊದಲು ದೊಡ್ಡ ಕಲ್ಲು, ಸಂದಿಗೆ ಸಣ್ಣ ಕಲ್ಲು ಬಿಗಿದು, ಬುಡಕ್ಕೆ ಗುಡ್ಡೆ ಹಾಕಬೇಕು. ಕೊಡೆಯ ತಲೆ ಗಾಳಿ ಬರುವ ಕಡೆಗೆ ವಾಲಿರಬೇಕು. ತಿರುಗಿ ನೆಟ್ಟರೆ ಗಾಳಿ ಒಳಹೊಕ್ಕು ಕೊಡೆಯನ್ನು ಕಿತ್ತೊಯ್ಯುತ್ತದೆ, ಹಾರುವ ಕೊಡೆಯ ಕೋಲು ಪಕ್ಕದವರ ಮಗುವಿಗೆ ಬಡಿದರೆ ಆಗುವ ಗಾಯ ಸಣ್ಣದಲ್ಲ. ಕೊಡೆಯ ಕೀಲಿಗೆ ಐದಾರು ಕಿಲೋ ಕಲ್ಲು ತುಂಬಿದ ಬಟ್ಟೆಚೀಲ ನೇತುಹಾಕಿ. ಇದಕ್ಕಿಂತ ಸುಲಭ, ತಾನೇ ಬಿಚ್ಚಿಕೊಳ್ಳುವ ಚಿಕ್ಕ ಗುಡಾರ. ಅದರ ಮೂಲೆಗಳ ಜೇಬಿಗೆ ಕಲ್ಲು ತುಂಬಿದರೆ ಮುಗಿಯಿತು.

ಕೀಲಿ, ನಾಣ್ಯ, ಓಲೆ, ಮೂಗುತಿಗಳನ್ನು ಜಿಪ್ ಇರುವ ಚೀಲದಲ್ಲಿಡಿ. ಕಲ್ಲಿನ ಸಂದಿಗೆ ಬಿದ್ದದ್ದು ಒಂದು ಕಲ್ಲು ಎತ್ತಿದಂತೆ ಇನ್ನೂ ಒಂದು ಪದರ ಕೆಳಗೆ ಇಳಿಯುತ್ತದೆ, ಹುಡುಕಿದಷ್ಟೂ ದೂರ. ಗಾಜಿನ ಸೀಸೆ ಒಯ್ಯಲೇಬೇಡಿ, ಒಡೆದ ಚೂರನ್ನು ಅಲ್ಲಿಂದ ಆಯ್ದು ತೆಗೆಯಲು ಯಾರಿಂದಲೂ ಆಗದು. ನಾಲ್ವರಿಗೆ ಅರ್ಧ ದಿನಕ್ಕೆ ಮೂರು ಲೀಟರ್ ಕುಡಿಯುವ ನೀರು, ಎಸ್‌ಪಿಎಫ್ 50 ಎಂದು ಬರೆದಿರುವ ಸನ್‌ಸ್ಕ್ರೀನ್ ಬೇಕು. ಅದನ್ನು ಮನೆಯಲ್ಲೇ ಹಚ್ಚಿ ಹೊರಡಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

ಬಟ್ಟೆಯ ಬಗ್ಗೆ ಹೇಳದೆ ಬಿಡುವಂತಿಲ್ಲ. ಕಾಲು ನೆನೆಸುತ್ತೇನಷ್ಟೇ ಎಂದು ಸೀರೆ, ಚೂಡಿದಾರದಲ್ಲಿ ಅಂಚಿಗೆ ಹೋಗುವುದು ಮಲ್ಪೆಯಲ್ಲಿ ನಡೆಯಬಹುದು, ನೀಸ್‌ನಲ್ಲಿ ಸಲ್ಲದು. ನೆನೆದ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕಲ್ಲು ಜಾರುತ್ತದೆ, ಎದ್ದು ನಿಲ್ಲುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಮೈ ಮುಚ್ಚಬೇಕೆಂದರೆ ಉದ್ದ ತೋಳಿನ, ಮೈಗಂಟುವ ಈಜುಬಟ್ಟೆ ಸಿಗುತ್ತದೆ, ಬಿಸಿಲಿಗೂ ಅದು ಒಳ್ಳೆಯದು.

ನೀರಿಗಿಳಿಯುವುದು, ಹೊರಬರುವುದು

ಇಳಿಯುವ ಮೊದಲು ಬಾವುಟ ನೋಡಿ. ಹಸಿರಿದ್ದರೆ ಜೀವರಕ್ಷಕರಿದ್ದಾರೆ, ವಿಶೇಷ ಅಪಾಯವಿಲ್ಲ. ಹಳದಿಯಿದ್ದರೆ ಅಪಾಯವಿದೆ, ಎಚ್ಚರದಿಂದ ಈಜಬಹುದು. ಕೆಂಪು ಎಂದರೆ ಇಳಿಯುವಂತಿಲ್ಲ. ನೇರಳೆ ಬಾವುಟ ನೀರು ಮಲಿನವಾಗಿದೆ ಅಥವಾ ನೀರಲ್ಲಿ ಅಪಾಯದ ಜಲಚರಗಳಿವೆ ಎಂಬುದರ ಸೂಚನೆ. ದೊಡ್ಡ ಮಳೆಯ ಮರುದಿನ ನದಿಯ ಕೆಸರು, ಚರಂಡಿಯ ನೀರು ಸಮುದ್ರ ಸೇರಿದಾಗ ಅದು ಹಾರಬಹುದು. ಮೇಲೆ ಕೆಂಪು ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಾವಲಿನದು. ಬಾವುಟವೇ ಇಲ್ಲದಿದ್ದರೆ ಕಾವಲಿಲ್ಲ ಎಂದರ್ಥ. ಪಡುಬಿದ್ರಿ, ಕಾಸರಕೋಡು ತೀರಗಳಿಗೆ 2020ರಲ್ಲಿ ಸಿಕ್ಕ ನೀಲಿ ಬಾವುಟದ ಮನ್ನಣೆ ಬೇರೆ ವಿಷಯ. ಅದು ತೀರದ ಸ್ವಚ್ಛತೆ, ಸೌಕರ್ಯಗಳ ಗುರುತು, ಈ ಹೊತ್ತಿನ ಅಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಈಜು ಬಾರದ ಮಗುವಿನ ಮಟ್ಟಿಗೆ ಕಲ್ಲಿನ ತೀರದ ಹಳದಿಯನ್ನು ಕೆಂಪೆಂದೇ ಓದಬೇಕು.

ಹಸಿರಿದ್ದರೂ ಐದು ನಿಮಿಷ ನಿಂತು ಅಂಚನ್ನು ನೋಡಿ, ಕೇಳಿ. ಅಲೆ ಹಿಂದಿರುಗುವಾಗ ಸಾವಿರ ಕಲ್ಲು ಒಟ್ಟಿಗೆ ಉರುಳಿ ಗಲಗಲ ಸದ್ದು ಮಾಡುತ್ತವೆ, ಗೋಣಿಯಿಂದ ಅಡಿಕೆ ಸುರಿದಂತೆ. ಸದ್ದು ತೆಳುವಾಗಿ, ಬೇಗ ಮುಗಿದರೆ ಅಲೆ ಸಣ್ಣದು. ಸದ್ದು ದಪ್ಪಗೆ, ಉದ್ದಕ್ಕೆ ಎಳೆದರೆ ಹಿಂಸೆಳೆತ, ಅಂದರೆ ಹಿಂದಿರುಗುವ ನೀರಿನ ಸೆಳೆತ, ದೊಡ್ಡದು. ಅಲೆಗಳು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡವು, ಆಮೇಲೆ ಕೆಲವು ಸಣ್ಣವು. ಎರಡು ಮೂರು ಗುಂಪು ಎಣಿಸಿದರೆ ಬಿಡುವು ಯಾವಾಗ ಎಂಬುದು ಅಂದಾಜಾಗುತ್ತದೆ. ದೊಡ್ಡ ಹಡಗು ಹಾದುಹೋದರೆ ಅದೆಬ್ಬಿಸಿದ ಅಲೆ ಕೆಲವು ನಿಮಿಷ ತಡವಾಗಿ ದಂಡೆಗೆ ಬರುತ್ತದೆ, ಅಷ್ಟರಲ್ಲಿ ಹಡಗು ಎಲ್ಲರ ನೆನಪಿನಿಂದ ಹೋಗಿರುತ್ತದೆ. ಕೊರ್ಸಿಕಾ ದ್ವೀಪದ ಹಡಗುಗಳು ನೀಸ್ ಬಂದರಿಗೆ ಬಂದು ಹೋಗುವ ಹೊತ್ತಲ್ಲಿ ಇದು ಗಮನದಲ್ಲಿರಲಿ.

ಇಬ್ಬರು ದೊಡ್ಡವರಿದ್ದರೆ ಈಜು ಚೆನ್ನಾಗಿ ಬರುವವರು ಮೊದಲು ಇಳಿದು ಮೆಟ್ಟಿಲು ದಾಟಿ ನಿಲ್ಲಲಿ. ಇನ್ನೊಬ್ಬರು ಬಿಡುವು ನೋಡಿ ಮಗುವಿನ ತೋಳನ್ನು ಕಂಕುಳ ಹತ್ತಿರ ಹಿಡಿದು, ಪಕ್ಕಪಕ್ಕದಲ್ಲೇ ಇಳಿಯಲಿ. ಮಣಿಕಟ್ಟು ಹಿಡಿದರೆ ಅಲೆ ಎಳೆದಾಗ ಜಾರುತ್ತದೆ. ಮಗುವಿಗೂ ಸಮುದ್ರಕ್ಕೂ ನಡುವೆ ಅಡ್ಡ ನಿಲ್ಲುವುದು ರಕ್ಷಣೆಯಂತೆ ಕಂಡರೂ ತಪ್ಪು, ಅಲೆ ಬಿದ್ದರೆ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬರುತ್ತದೆ. ಅಂಚಿನಲ್ಲಿ ನಿಂತು ಯೋಚಿಸಬಾರದು. ಮೊಣಕಾಲು ಮಡಿಸಿ, ನೀರು ತೊಡೆಗೆ ಬಂದ ಕೂಡಲೇ ಮೈಚೆಲ್ಲಿ ನಾಲ್ಕು ಕೈ ಹಾಕಿದರೆ ಅಲೆ ಮಗುಚುವ ಗೆರೆಯಾಚೆ ತಲುಪುತ್ತೀರಿ. ದಂಡೆಯಿಂದ ತಲೆ ಮುಂದಾಗಿ ಹಾರುವುದಂತೂ ಎಂದಿಗೂ ಬೇಡ, ಕುತ್ತಿಗೆ ಮುರಿಯುವುದು ಹಾಗೆಯೇ. ಮಗುವಿನ ತೋಳಿಗೆ ಗಾಳಿ ತುಂಬುವ ಪಟ್ಟಿ ಅಥವಾ ಮೈಗೆ ಬಿಗಿಯುವ ತೇಲುಡುಪು ಇರಲಿ. ಗಾಳಿ ತುಂಬಿದ ದೊಡ್ಡ ಬಾತುಕೋಳಿ, ದೋಣಿಗಳನ್ನು ನೆಲದ ಕಡೆಯಿಂದ ಗಾಳಿ ಬೀಸುವಾಗ ನೀರಿಗಿಡಬಾರದು, ಮಗುವಿನ ಸಮೇತ ನಿಮಿಷದಲ್ಲಿ ದೂರ ಹೋಗುತ್ತವೆ.

ಹೊರಬರುವುದು ಇಳಿಯುವುದಕ್ಕಿಂತ ಕಷ್ಟ. ದಣಿದ ಕಾಲು, ಬೆನ್ನಿಗೆ ಸಮುದ್ರ. ಗೆರೆಯಾಚೆಯೇ ತೇಲುತ್ತ ಹೆಗಲ ಮೇಲಿಂದ ಹಿಂದೆ ನೋಡಿ. ದೊಡ್ಡ ಗುಂಪು ಮುಗಿಯಲಿ. ಒಂದು ಸಣ್ಣ ಅಲೆ ಮುಂದೆ ಹೋಗಿ ಒಡೆದ ಕೂಡಲೇ ಅದರ ಬೆನ್ನ ಹಿಂದೆ ಈಜಿ ಬನ್ನಿ. ಕೈಗೆ ಕಲ್ಲು ತಾಗಿದಾಗ ಎದ್ದು ನಿಲ್ಲಬೇಡಿ, ಅದೇ ಆ ಮೆಟ್ಟಿಲು. ಮಗುವಿನಂತೆ ಅಂಬೆಗಾಲಿನಲ್ಲಿ, ಒಣಕಲ್ಲು ಸಿಗುವವರೆಗೂ ನಿಲ್ಲದೆ ಏರಿ. ಊರಿನವರೂ ಅಲೆಯಿರುವ ದಿನ ಹೀಗೇ ಬರುತ್ತಾರೆ, ಇದರಲ್ಲಿ ನಾಚಿಕೆಪಡುವುದೇನಿಲ್ಲ. ಹಿಂಸೆಳೆತಕ್ಕೆ ಸಿಕ್ಕಿ ಬಿದ್ದರೆ ಅಲ್ಲೇ ಒದ್ದಾಡುವ ಬದಲು ಉಸಿರು ಹಿಡಿದು ಆಳದ ಕಡೆಗೇ ಈಜಿ ಗೆರೆ ದಾಟಿ, ಮತ್ತೊಂದು ಬಿಡುವಿಗೆ ಕಾಯಬೇಕು. ತೊಂದರೆಯಲ್ಲಿರುವವರು ಕಂಡರೆ ಜೀವರಕ್ಷಕರನ್ನು ಕೂಗಿ. ಕಡಲ ರಕ್ಷಣೆಗೆ ಫ್ರಾನ್ಸಿನಲ್ಲಿ 196, ಯಾವುದೇ ತುರ್ತಿಗೆ 112.

ದಡದಿಂದ 300 ಮೀಟರ್ ದೂರದಲ್ಲಿ, ನೀರ ಮೇಲೆ ತೇಲುವ ಹಳದಿ ಬುರುಡೆಗಳ ಗಡಿಯಿದೆ. ಅದರೊಳಗೆ ದೋಣಿಗಳು ಐದು ನಾಟ್ ವೇಗ ಮೀರುವಂತಿಲ್ಲ. ಅದರಾಚೆ ಈಜಬಾರದು.

ಬೇಸಿಗೆಯಲ್ಲಿ ನೇರಳೆ ಬಣ್ಣದ, ಅಂಗೈಯಗಲದ ಲೋಳೆಮೀನುಗಳು ಕೆಲವು ದಿನ ಹಿಂಡಾಗಿ ಬರುತ್ತವೆ. ಕುಟುಕಿದರೆ ಚಾಟಿಯೇಟಿನಂಥ ಉರಿ. ಕೂಡಲೇ ಸಿಹಿನೀರಲ್ಲಿ ತೊಳೆಯುವುದು, ಟವೆಲಿನಿಂದ ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಚರ್ಮಕ್ಕಂಟಿದ, ಇನ್ನೂ ಸಿಡಿಯದ ವಿಷದ ಚೀಲಗಳು ಆಗ ಸಿಡಿಯುತ್ತವೆ. ಕಡಲ ನೀರಲ್ಲೇ ತೊಳೆದು, ಗಡ್ಡ ಹೆರೆಯುವ ನೊರೆ ಹಚ್ಚಿ ಒಣಗಲು ಬಿಟ್ಟು, ಎಟಿಎಂ ಕಾರ್ಡಿನಂಥ ಗಟ್ಟಿ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆದು, ಮತ್ತೆ ಕಡಲ ನೀರಲ್ಲಿ ತೊಳೆಯಬೇಕು. ಉಸಿರಾಟಕ್ಕೆ ತೊಂದರೆ, ಮೈಯೆಲ್ಲ ದದ್ದು ಕಂಡರೆ ಜೀವರಕ್ಷಕರ ಬಳಿಗೆ ಓಡಬೇಕು. ಒಂದು ಚಿಕ್ಕ ಡಬ್ಬಿ ನೊರೆ ಚೀಲದಲ್ಲಿದ್ದರೆ ಭಾರವೇನಲ್ಲ.

ಹಸಿವಿಗೆ ಹಳೇ ಊರಿನ ಗಲ್ಲಿಗಳಲ್ಲಿ ಸೊಕ್ಕಾ ಸಿಗುತ್ತದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ ಕಲಸಿ, ದೊಡ್ಡ ತಾಮ್ರದ ತಟ್ಟೆಯಲ್ಲಿ ಕಟ್ಟಿಗೆ ಒಲೆಯ ಕಾವಿಗೆ ಸುಡುತ್ತಾರೆ. ಮೇಲೆ ಕರಿಮೆಣಸಿನ ಪುಡಿ. ಮೊಟ್ಟೆಯಿಲ್ಲ, ಹಾಲಿಲ್ಲ, ಕಡಲೆಹಿಟ್ಟಿನ ದೋಸೆ ತಿಂದ ಬಾಯಿಗೆ ಪರಿಚಿತವೇ. ಸಸ್ಯಾಹಾರಿಗಳು ಪಾಂ ಬಾನ್ಯಾ ಎಂಬ ದುಂಡು ಬ್ರೆಡ್ಡಿನಲ್ಲಿ ಮೀನು, ಮೊಟ್ಟೆ ಇರುವುದನ್ನೂ, ಈರುಳ್ಳಿಯ ಪಿಸ್ಸಲಾದಿಯೇರ್ ಮೇಲೆ ಆಂಚೊವಿ ಮೀನು ಇರುವುದನ್ನೂ ಕೇಳಿ ತಿಳಿದೇ ಕೊಳ್ಳಬೇಕು.

ಹೊರಡುವಾಗ ತೀರದ ನಲ್ಲಿಯಲ್ಲಿ ಉಪ್ಪು ತೊಳೆದು, ಬೂಟು ಕೊಡವಿ, ಮಕ್ಕಳ ಜೇಬು ನೋಡಿ. ಆಯ್ದ ಕಲ್ಲುಗಳು ಅಲ್ಲಿರುತ್ತವೆ. ತೀರದಿಂದ ಕಲ್ಲು ಒಯ್ಯುವುದು ಫ್ರಾನ್ಸಿನಲ್ಲಿ ಅಪರಾಧ, 1,500 ಯೂರೊವರೆಗೆ ದಂಡ ಬೀಳಬಹುದು. ಲಾರಿಗಟ್ಟಲೆ ಕಲ್ಲು ತಂದು ಸುರಿದು ಉಳಿಸಿಕೊಂಡಿರುವ ತೀರವಿದು. ಕೆಂಪು ಕಲ್ಲಿನದೊಂದು ಫೋಟೊ ತೆಗೆದುಕೊಂಡು, ಕಲ್ಲನ್ನು ದಿಬ್ಬದ ಮೇಲೆ ಸಿಕ್ಕಿದ ಜಾಗದಲ್ಲೇ ಮಗುವಿನ ಕೈಯಿಂದ ಇಡಿಸಿ.